ಬಿಲ್ಲೆಮೀನಿನ ಮಂಗಳಮ್ಮ

ಕೊತ್ತತ್ತಿಯ ಮಂಗಳಮ್ಮ ಜಗಳ ಆಡಿದ್ದನ್ನು ಊರಲ್ಲಿ ಯಾರೂ ಕಂಡವರಿಲ್ಲ. ಹಾಗಂತ ಅವಳನ್ನು ಪಾಪದ ಹೆಂಗಸು ಅಂದುಕೊಂಡವರು ಮೋಸಹೋದರು. ಕೆಲವರ ಸಿಟ್ಟು ಹಾಲಿನ ಹಾಗೆ. ಉಕ್ಕುತ್ತದೆ, ಒಲೆ ಮೇಲೆ ಚೆಲ್ಲುತ್ತದೆ, ಒರೆಸಿದರೆ ಮುಗಿಯಿತು. ಇವಳದು ಬಚ್ಚಲೊಲೆಯ ಕೆಂಡ. ಮೇಲೆ ಬೂದಿ ಹೊದ್ದುಕೊಂಡು ತಣ್ಣಗೆ ಕಾಣುತ್ತಿತ್ತು, ಒಳಗೆ ಆರುತ್ತಲೇ ಇರಲಿಲ್ಲ. ಕಟ್ಟಿಕೊಂಡ ಗಂಡನ ಮನೆಯ ಮೇಲೆ, ಅದರಲ್ಲೂ ಮಾವ ದೊಡ್ಡಬೀರಯ್ಯನ ಮೇಲೆ ಅವಳು ಹಗೆ ತೀರಿಸಿಕೊಂಡದ್ದು ಮೀನು ಸಾಕಿ. ಕೇಳಿದವರು ನಗುತ್ತಾರೆ. ನಗಲಿ. ಪೂರ್ತಿ ಕೇಳಿದ ಮೇಲೆ ಯಾರೂ ನಕ್ಕದ್ದಿಲ್ಲ.

ಮಳವಳ್ಳಿಯ ದೊಡ್ಡಬೀರಯ್ಯ ಗದ್ದೆ, ಗಾಡಿ, ಎತ್ತು ಎಲ್ಲ ಇದ್ದ ಒಕ್ಕಲು. ಮಂಡ್ಯದಲ್ಲಿ ಯಂತ್ರ ಜೋಡಿಸಲು ಬಂದಿದ್ದ ಒಬ್ಬ ಜರ್ಮನಿ ದೊರೆಯ ಬಂಗಲೆಗೆ ಅವನ ಗಾಡಿಗಳು ಸೌದೆ ಹೊಡೆಯುತ್ತಿದ್ದವು. ಆ ದೊರೆಗೆ ಹೆಂಡತಿ ಮಕ್ಕಳಿರಲಿಲ್ಲ. ಒಂದು ಗಾಜಿನ ತೊಟ್ಟಿ ತುಂಬ ಮೀನಿದ್ದವು. ಹಡಗಿನಲ್ಲಿ ಬಂದವಂತೆ. ತಟ್ಟೆಯ ಹಾಗೆ ದುಂಡಗೆ, ಚಪ್ಪಟೆಯಾಗಿ, ಕಂದು ಮೈಮೇಲೆ ನೀಲಿ ಗೆರೆಗಳು ಓಡಾಡಿಕೊಂಡು, ಕೆಂಪು ಕಣ್ಣು ಬಿಟ್ಟುಕೊಂಡು ನಿಂತಲ್ಲೇ ನಿಂತಿರುತ್ತಿದ್ದವು. ದೊರೆ ಅದಕ್ಕೇನೋ ಹೆಸರು ಹೇಳುತ್ತಿದ್ದ, ಗಾಡಿಯವರ ಬಾಯಲ್ಲಿ ಅದು ಬಿಲ್ಲೆಮೀನು ಆಯಿತು. ಮೂವತ್ತೊಂಬತ್ತರಲ್ಲಿ ಯುದ್ಧ ಶುರುವಾದಾಗ ಜರ್ಮನಿಯವನೆಂದು ಪೊಲೀಸರು ದೊರೆಯನ್ನು ಕರೆದುಕೊಂಡು ಹೋದರು. ಹೋಗುವಾಗ ಅವನು ಕೇಳಿಕೊಂಡದ್ದು ಒಂದೇ, ಈ ಮೀನುಗಳನ್ನು ಯಾರಾದರೂ ಜೀವಂತ ಇಟ್ಟುಕೊಳ್ಳಿ ಅಂತ. ಬೇರೆಯವರು ಮುಖ ಮುಖ ನೋಡಿಕೊಂಡರು. ದೊಡ್ಡಬೀರಯ್ಯ ಗಾಡಿಗೆ ಹುಲ್ಲು ಹಾಸಿ ತೊಟ್ಟಿಯನ್ನು ಮಳವಳ್ಳಿಗೆ ಹೊಡೆದುಕೊಂಡು ಬಂದ.

ಬಂದದ್ದೇ ತಡ, ಅವನ ಗತ್ತು ನೋಡಬೇಕು. ಪಡಸಾಲೆಯ ನಡುವೆ ತೊಟ್ಟಿ, ತೊಟ್ಟಿಯ ತಗಡಿನ ತಳದ ಕೆಳಗೆ ಸೀಮೆಎಣ್ಣೆ ಬುಡ್ಡಿ. ನೀರು ಹೆಪ್ಪು ಹಾಕುವ ಹಾಲಿನಷ್ಟು ಬೆಚ್ಚಗಿರಬೇಕು ಅಂತ ದೊರೆ ಬೆರಳದ್ದಿ ತೋರಿಸಿಕೊಟ್ಟಿದ್ದನ್ನು ಇವನು ಬಂದವರಿಗೆಲ್ಲ ಬೆರಳದ್ದಿ ತೋರಿಸುತ್ತಿದ್ದ. ಸಂತೆಗೆ ಬಂದವರು ಅವನ ಮನೆಗೆ ಬಂದು ಮೀನು ನೋಡಿಯೇ ಹೋಗುತ್ತಿದ್ದರು. ಹೆಂಡತಿ ತೀರಿಹೋಗಿದ್ದ ಮನೆ, ಮಗ ಪುಟ್ಟರಾಜು ಮಾತು ಕಮ್ಮಿ. ಆ ಮನೆಯಲ್ಲಿ ಸದ್ದಾಗಿ ಬಾಳಿದ್ದು ಈ ಮೀನುಗಳೇ.

ಮಾರನೆಯ ವರ್ಷದ ಬೇಸಿಗೆಯಲ್ಲಿ ಮಂಗಳಮ್ಮ ಆ ಮನೆಗೆ ಸೊಸೆಯಾಗಿ ಬಂದಳು. ತಂದೆಯಿಲ್ಲದ ಹುಡುಗಿ. ತಾಯಿ ಮುದ್ದಮ್ಮ ಬಳುವಳಿಯಾಗಿ ಒಂದು ದೊಡ್ಡ ತಾಮ್ರದ ಹಂಡೆಯನ್ನು ಕೊಟ್ಟು ಕಳಿಸಿದಳು. ಇಬ್ಬರು ಹಿಡಿದು ಇಳಿಸಬೇಕಾದ ಹಂಡೆ. ದೊಡ್ಡಬೀರಯ್ಯ ಅದನ್ನು ಬೆರಳಲ್ಲಿ ಕುಟ್ಟಿ ನೋಡಿ, ನಾದ ಚೆನ್ನಾಗಿದೆ ಅಂದ. ಸೊಸೆಯನ್ನು ಕಂಡು ಏನಂದನೋ ಯಾರಿಗೂ ನೆನಪಿಲ್ಲ.

ಮೀನಿನ ಕೆಲಸ ಸೊಸೆಗೆ ಬಿತ್ತು. ಬಿದ್ದ ಕೆಲಸ ಅವಳಿಗೆ ಇಷ್ಟವಾಯಿತು. ಅಪರಿಚಿತ ಮನೆ, ಮೂಗನಂಥ ಗಂಡ, ಬಾಯಿ ತೆರೆದರೆ ತನ್ನದೇ ಪ್ರತಾಪ ಹೇಳುವ ಮಾವ. ಇವುಗಳ ನಡುವೆ ತನ್ನನ್ನು ಗುರುತು ಹಿಡಿದು ಗಾಜಿನ ಹತ್ತಿರ ಬಂದು ನಿಲ್ಲುವವು ಅವೇ. ಚರಂಡಿಯ ಕೆಂಪುಹುಳವನ್ನು ಮಡಕೆ ನೀರಲ್ಲಿ ಅಲುಬಿ ಹಾಕುತ್ತಿದ್ದಳು. ಎರೆಹುಳವನ್ನು ಕೊಚ್ಚಿ ಹಾಕುತ್ತಿದ್ದಳು. ತಿಂದು ಉಳಿದದ್ದು ಕೊಳೆಯುವುದಕ್ಕೆ ಮುಂಚೆ ತೆಗೆಯುತ್ತಿದ್ದಳು, ದಿನವೂ ಒಂದಿಷ್ಟು ಹಳೇ ನೀರು ಹೊರಗೆ, ಮಣ್ಣಿನ ಗುಡಾಣದಲ್ಲಿ ನಿಂತ ಅಷ್ಟೇ ನೀರು ಒಳಗೆ. ಅವು ಹೆದರಿದರೆ ಮೈಮೇಲೆ ಕಪ್ಪು ಪಟ್ಟೆ ಏಳುತ್ತದೆ, ಧೈರ್ಯವಾದರೆ ಪಟ್ಟೆ ಮಾಯ. ಗಂಡನಿಗಿಂತ ಈ ಮೀನುಗಳ ಮನಸ್ಸು ತಿಳಿಯುವುದು ಸುಲಭ ಅಂತ ಅವಳು ನೆರೆಮನೆಯವರ ಹತ್ತಿರ ಹೇಳಿ ನಗುತ್ತಿದ್ದಳು. ಆಗ ನಗುತ್ತಿದ್ದಳು.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಮುಖ ಕಾಣುವ ಹಾಗೆ ಹೊಳೆಯಿಸಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆಗೆ ಹಾಗಲಬಳ್ಳಿ ಸುತ್ತಿ, ಹೊಸನೀರು ತುಂಬಿಸಿಟ್ಟರು. ಬೆಳಗ್ಗೆ ಆ ನೀರನ್ನು ಕಾಯಿಸಿ ಎಲ್ಲರೂ ಎಣ್ಣೆನೀರು ಹಾಕಿಕೊಳ್ಳುವುದು ನಮ್ಮ ಕಡೆ ಎಲ್ಲ ಮನೆಯ ಪದ್ಧತಿ. ದೊಡ್ಡಬೀರಯ್ಯನಿಗೆ ಅವತ್ತು ಏನು ಉಮೇದು ಬಂತೋ, ಮನೇಲಿರೋ ಜೀವಕ್ಕೆಲ್ಲ ಹಬ್ಬದ ನೀರಾಗಬೇಕು ಅಂದ. ಎತ್ತುಗಳಿಗಾಯಿತು, ನಾಯಿಗಾಯಿತು. ಮೀನುಗಳಿಗೂ ಅರ್ಧ ತೊಟ್ಟಿ ಹಳೇ ನೀರು ತೆಗೆದು ಹಂಡೆಯ ನೀರು ಹಾಕು, ತಾಮ್ರದ ನೀರು ಅಂದರೆ ಗಂಗೆ ಅಂತ ಸೊಸೆಗೆ ಹೇಳಿ ದೇವಸ್ಥಾನಕ್ಕೆ ಹೋದ. ಅವಳು ಬೆರಳದ್ದಿ ನೋಡಿ, ಹದವಾಗಿ ಬೆಚ್ಚಗಿದೆ ಅಂತ ತಿಳಿದು, ಹಳೇ ನೀರನ್ನು ಗಿಡಕ್ಕಾಗುತ್ತದೆ ಅಂತ ಮಣ್ಣಿನ ಬಾನಿಗೆ ತುಂಬಿಟ್ಟು, ಚೊಂಬು ಚೊಂಬಾಗಿ ಹಬ್ಬದ ನೀರು ಹುಯ್ದಳು.

ಮಧ್ಯಾಹ್ನದ ಹೊತ್ತಿಗೆ ಮೀನುಗಳು ಕಪ್ಪಾದವು. ಮೂಲೆಗೆ ಹೋಗಿ ಒತ್ತಿಕೊಂಡು ನಿಂತವು, ಆಮೇಲೆ ಮೇಲಕ್ಕೆ ಬಂದು ಬಾಯಿ ಬಿಟ್ಟವು, ಆಮೇಲೆ ಒಂದೊಂದಾಗಿ ಓರೆಯಾದವು. ಹಬ್ಬಕ್ಕೆ ಬಂದಿದ್ದ ನೆಂಟರು, ಬೀದಿಯ ಜನ ಪಡಸಾಲೆ ತುಂಬಿದರು. ದೊಡ್ಡಬೀರಯ್ಯ ಗಾಜಿಗೆ ಹಣೆ ಹಚ್ಚಿ ನಿಂತಿದ್ದವನು ತಿರುಗಿ, ಅಷ್ಟು ಜನರ ಎದುರಿಗೆ ಸೊಸೆಯನ್ನು ನೋಡಿದ.

“ನಿನ್ ಕೈಗುಣ ಸರಿಯಿಲ್ಲ ಕಣವ್ವ. ವರ್ಸ ಬದುಕಿದ್ದ ಜೀವ, ನೀನು ಕೈಯಿಟ್ಟೆ, ಸತ್ತೋದೊ.”

ನಮ್ಮ ಸೀಮೆಯ ಒಕ್ಕಲು ಮನೆಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಕಳ್ಳಿ ಅಂದರೆ ತೀರಿಸಬಹುದು, ಸೋಮಾರಿ ಅಂದರೆ ದುಡಿದು ತೋರಿಸಬಹುದು. ಕೈಗುಣ ಸರಿಯಿಲ್ಲ ಅಂದರೆ ಅವಳು ಪೈರು ನೆಡುವ ಹಾಗಿಲ್ಲ, ಹಸು ಹಿಂಡುವ ಹಾಗಿಲ್ಲ, ಬಿತ್ತನೆಕಾಳು ಮುಟ್ಟುವ ಹಾಗಿಲ್ಲ, ಬಾಣಂತಿಯ ಕೋಣೆಗೆ ಹೋಗುವ ಹಾಗಿಲ್ಲ. ಹಾಕು ಅಂದವನು ತಾನೇ ಅನ್ನುವುದನ್ನು ಮುದುಕ ನುಂಗಿಕೊಂಡ. ಅವಳು ಹೇಳಲು ಬಾಯಿ ತೆರೆದು ಗಂಡನ ಕಡೆ ನೋಡಿದಳು. ಅವನಿಗೆ ಎಲ್ಲ ಗೊತ್ತಿತ್ತು, ಅಪ್ಪ ಹೇಳಿದಾಗ ಅಲ್ಲೇ ಎಣ್ಣೆ ಹಚ್ಚಿಕೊಂಡು ಕೂತಿದ್ದವನು. ಪುಟ್ಟರಾಜು ನೆಲ ನೋಡಿದ. ಅವಳು ಬಾಯಿ ಮುಚ್ಚಿದಳು.

ಸತ್ತ ಮೀನುಗಳನ್ನು ತಿಪ್ಪೆಗೆ ಎಸೆಯಲು ಅವಳಿಗೇ ಹೇಳಿದರು. ತಿಪ್ಪೆಯ ಹತ್ತಿರ ನೋಡುತ್ತಾಳೆ, ಎರಡರ ಕಿವಿರು ಇನ್ನೂ ಮೆಲ್ಲಗೆ ಆಡುತ್ತಿದೆ. ಏನೋ ತೋಚಿ ಅವೆರಡನ್ನು ಹಳೇ ನೀರಿನ ಬಾನಿಗೆ ಬಿಟ್ಟಳು. ಸಂಜೆಗೆ ಅವು ನೆಟ್ಟಗೆ ನಿಂತವು. ಮಾರನೆಯ ದಿನ ಅವಳನ್ನು ತೌರಿಗೆ ಬಿಟ್ಟು ಬಾ ಅಂತ ಮಾವ ಮಗನಿಗೆ ಹೇಳಿದಾಗ, ಮಡಿಲಲ್ಲಿ ಮಡಕೆ ಇಟ್ಟುಕೊಂಡು ಗಾಡಿ ಹತ್ತಿದಳು. ಏನು ಮಡಕೆ ಅಂತ ಯಾರೂ ಕೇಳಲಿಲ್ಲ. ಹಂಡೆಯನ್ನು ಮಾತ್ರ ಗಾಡಿಗೆ ಹಾಕಲಿಲ್ಲ. ಹುಡುಗಿ ಬೇಡ, ಹಂಡೆ ಬೇಕು. ಕೊತ್ತತ್ತಿ ಬರುವವರೆಗೆ ಪುಟ್ಟರಾಜು ಎತ್ತುಗಳ ಜೊತೆ ಮಾತಾಡಿದ, ಹೆಂಡತಿಯ ಜೊತೆ ಒಂದು ಮಾತು ಆಡಲಿಲ್ಲ. ಆ ದಾರಿಯಲ್ಲಿ ಅವಳು ನಿಶ್ಚಯ ಮಾಡಿಕೊಂಡಳು: ಆ ಮಾತನ್ನು ಆ ಮುದುಕನ ಬಾಯಿಗೇ ತಿರುಗಿ ತುರುಕದೆ ಸಾಯುವುದಿಲ್ಲ.

ತೌರಿನಲ್ಲಿ ಮುದ್ದಮ್ಮ ಅತ್ತಳು, ಕರೆದಳು, ಬೀಗನ ಮನೆಗೆ ಹೋಗಿ ಮಣ್ಣು ತೂರಿ ಬರುತ್ತೇನೆ ಅಂತ ಹೊರಟಳು. ಮಗಳು ತಡೆದಳು. ನಾಲೆ ಬಂದ ಮೇಲೆ ಕೊತ್ತತ್ತಿಯಲ್ಲಿ ನೀರಿಗೆ ಬರವಿರಲಿಲ್ಲ, ಮೀನಿಗೆ ಹಾಕುವ ಸೊಳ್ಳೆಮರಿಗಂತೂ ಮೊದಲೇ ಇರಲಿಲ್ಲ. ಬಚ್ಚಲಮನೆಯ ಒಲೆಗೆ ತಗುಲಿದ ಗೋಡೆಯ ಹತ್ತಿರ ಬಾನಿ ಇಟ್ಟಳು. ಯುದ್ಧದ ಕಾಲದಲ್ಲಿ ಸೀಮೆಎಣ್ಣೆ ಕಣ್ಣಿಗೆ ಬೀಳುತ್ತಿರಲಿಲ್ಲ, ಆಲೆಮನೆಯಿಂದ ಕಬ್ಬಿನ ಒಣಸಿಪ್ಪೆ ತಂದು ಒಲೆಯಲ್ಲಿ ಒಟ್ಟಿ, ಆ ಗೋಡೆಯ ಬಿಸಿಯಲ್ಲಿ ನೀರನ್ನು ಬೆಚ್ಚಗಿಟ್ಟಳು. ಆಮೇಲೆ ಮಂಡ್ಯದ ಪೇಟೆಯಲ್ಲಿ ದೇವರಪಟಕ್ಕೆ ಕಟ್ಟು ಹಾಕುವವನ ಹತ್ತಿರ ಗಾಜು ಕೊಯ್ಯಿಸಿ, ತಗಡಿನ ಮೂಲೆ ಹೊಡೆಸಿ, ಸಂದಿಗೆ ರಾಳ ತುಂಬಿಸಿ ತನ್ನದೇ ತೊಟ್ಟಿ ಮಾಡಿಸಿಕೊಂಡಳು. ಗಂಡ ಬಿಟ್ಟವಳಿಗೆ ಎಂಥ ಶೋಕಿ ಅಂತ ಊರು ಆಡಿಕೊಂಡಿತು. ಆಡಿಕೊಳ್ಳಲಿ ಅಂತ ಅವಳು ಬಾಗಿಲು ಮುಚ್ಚಿಕೊಂಡಳು.

ನಿಜ ತಿಳಿದದ್ದು ಒಂದು ಯುಗಾದಿಯಂದು. ಮುದ್ದಮ್ಮ ಹಬ್ಬಕ್ಕೆ ಅಂತ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣಲ್ಲಿ ತಿಕ್ಕಿ, ನಾಲೆಯಿಂದ ನೀರು ತಂದು, ಮಗಳಿಗೆ ಒಂದು ಕೆಲಸ ತಪ್ಪಲಿ ಅಂತ ತಾನೇ ತೊಟ್ಟಿಗೆ ಹಾಕಿಟ್ಟಿದ್ದಳು. ಮಧ್ಯಾಹ್ನ ನೋಡಿದರೆ ಎರಡು ಮೀನೂ ಕಪ್ಪು, ಎರಡೂ ಮೂಲೆಯಲ್ಲಿ. ಮಂಗಳಮ್ಮನಿಗೆ ಮಳವಳ್ಳಿಯ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಅದೇ ಬಣ್ಣ, ಅದೇ ಮೂಲೆ. ತಕ್ಷಣ ಎತ್ತಿ ಗುಡಾಣದ ನೀರಿಗೆ ಬಿಟ್ಟಳು, ಉಳಿದುಕೊಂಡವು. ದಿನವೂ ನೀರು ತರುವ ನಾಲೆ ಅದೇ. ನೀರು ಅದೇ. ಈ ಸಲ ಹಾಕಿದ ಕೈ ಅವ್ವನದು, ಊರಲ್ಲೆಲ್ಲ ಒಳ್ಳೆಯದೆಂದು ಹೆಸರಾದ ಕೈ. ಹಾಗಾದರೆ ಬೇರೆಯಾದದ್ದು ಪಾತ್ರೆ ಒಂದೇ. ಮಾರನೆಯ ದಿನ ನಾಲೆಯಿಂದ ಸಸಲುಮೀನಿನ ಮರಿ ಹಿಡಿದು ತಂದು, ಕೆಲವನ್ನು ಉಜ್ಜಿದ ತಾಮ್ರದ ಚೊಂಬಿಗೆ, ಕೆಲವನ್ನು ಮಣ್ಣಿನ ಕುಡಿಕೆಗೆ ಬಿಟ್ಟು, ಕೊಟ್ಟಿಗೆಯಲ್ಲಿ ಬಚ್ಚಿಟ್ಟು ಕಾದಳು. ಸಂಜೆಗೆ ಚೊಂಬಿನವು ತೇಲಿದವು. ಕುಡಿಕೆಯವು ಆಡಿಕೊಂಡಿದ್ದವು.

ಅವತ್ತು ಮಂಗಳಮ್ಮ ಕೊಟ್ಟಿಗೆಯಲ್ಲಿ ಕೂತು ಅತ್ತಳು. ಹಾಕು ಅಂದದ್ದು ಮಾವ, ಕೊಂದದ್ದು ಹಂಡೆ, ಹೆಸರು ಬಂದದ್ದು ತನಗೆ. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಸೆರಗು ಸಿಕ್ಕಿಸಿಕೊಂಡು ಮಳವಳ್ಳಿಗೆ ಹೋಗಿ ಬೀದಿಯಲ್ಲಿ ನಿಂತು ಕೂಗುತ್ತಿದ್ದರು. ಇವಳು ಲೆಕ್ಕ ಹಾಕಿದಳು. ಹೇಳಿದರೆ ಏನಾಗುತ್ತದೆ? ತಾಮ್ರದ ನೀರು ಕೊಲ್ಲುತ್ತದೆ ಅಂದರೆ ಯಾವ ಮನೆಯಲ್ಲಿ ನಂಬುತ್ತಾರೆ? ನಂಬಿದರೂ, ಹಂಡೆ ನಿಮ್ಮವ್ವ ಕೊಟ್ಟದ್ದೇ ಅಲ್ಲವಾ ಅನ್ನುತ್ತಾರೆ. ತಪ್ಪು ಅವಳ ಕೈಯಿಂದ ಅವಳ ತೌರಿಗೆ ದಾಟುತ್ತದೆ, ಅಷ್ಟೇ. ಅವಳು ಯಾರಿಗೂ ಹೇಳಲಿಲ್ಲ, ಅವ್ವನಿಗೂ. ಮನೆಯಲ್ಲಿದ್ದ ತಾಮ್ರದ ಪಾತ್ರೆಯ ನೀರನ್ನು ತೊಟ್ಟಿಯ ಹತ್ತಿರ ಬಿಡಲಿಲ್ಲ, ಯಾಕೆ ಅಂದರೆ ಹಾಗೇ ಅಂದಳು.

ಅವೆರಡು ಅದೃಷ್ಟಕ್ಕೆ ಗಂಡು ಹೆಣ್ಣಾಗಿದ್ದವು. ಬೋರಲು ಹಾಕಿದ ಕುಡಿಕೆಯ ಮೈಮೇಲೆ ಮೊಟ್ಟೆ ಸಾಲು ಸಾಲಾಗಿ ಇಟ್ಟವು; ಮೊದಲ ಸಲ ತಾವೇ ತಿಂದವು, ಎರಡನೇ ಸಲ ಬೂಸ್ಟು ಹಿಡಿಯಿತು. ಆಮೇಲೊಮ್ಮೆ ಮರಿ ಎದ್ದವು, ಎಳ್ಳಿನಷ್ಟು. ಏನು ಹಾಕಿದರೂ ತಿನ್ನಲಿಲ್ಲ. ಸಾಯುತ್ತವೆ ಅಂತ ಅವಳು ಕಂಗಾಲಾದಾಗ ನೋಡುತ್ತಾಳೆ, ಅಷ್ಟೂ ಮರಿ ತಾಯಿಯ ಮೈಗೆ ಅಂಟಿಕೊಂಡು ಅದರ ಮೈಲೋಳೆಯನ್ನೇ ಕಿತ್ತು ತಿನ್ನುತ್ತಿವೆ. ತಾಯಿಗೆ ಸಾಕಾದಾಗ ಮೈ ಒದರುತ್ತದೆ, ಮರಿಗಳು ಅಪ್ಪನ ಮೈಗೆ ಹೋಗುತ್ತವೆ. ಮೈಯನ್ನೇ ಉಣ್ಣಿಸುವ ಮೀನು ಅಂತ ಸುದ್ದಿ ಹಬ್ಬಿ, ಆಡಿಕೊಂಡಿದ್ದ ಊರೇ ನೋಡಲು ಬಂತು. ಹಲಗೂರಿನಿಂದ, ಮದ್ದೂರಿನಿಂದ ಬಂದರು. ಎಂಥ ಕೈಗುಣ ಕಣಮ್ಮ ನಿಂದು ಅಂದರು. ಒಬ್ಬ ಬಂದು, ನಮ್ಮ ಗದ್ದೆಗೆ ಮೊದಲ ಪೈರು ನೀನೇ ನೆಡು ಅಂತ ಕರೆದುಕೊಂಡು ಹೋದ. ಮಂಗಳಮ್ಮ ನಗುತ್ತ ಹೋಗಿ ನೆಟ್ಟು ಬಂದಳು. ಬೇರೆಯವಳಾಗಿದ್ದರೆ ಅಲ್ಲಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಅವಳಿಗೆ ಆಗಲಿಲ್ಲ. ಕೊತ್ತತ್ತಿ ಸಾವಿರ ಸಲ ಹೇಳಿದರೂ ಅದು ಮಳವಳ್ಳಿಯ ಆ ಪಡಸಾಲೆಯಲ್ಲಿ, ಆ ಬಾಯಿಯಿಂದ ಬಂದ ಮಾತಿಗೆ ಉತ್ತರವಲ್ಲ.

ನಲವತ್ತಾರರ ಮಳೆಗಾಲ ಕಳೆಯುತ್ತಿದ್ದಂತೆ ಪುಟ್ಟರಾಜು ಬಂದ. ಆರು ವರ್ಷಕ್ಕೆ ಮೊದಲ ಸಲ. ತಲೆಯಲ್ಲಿ ನರೆ ಬಂದಿತ್ತು. ಜಗಲಿಯ ತುದಿಯಲ್ಲಿ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಅಪ್ಪ ಹೇಳಿಕಳಿಸಿದ್ದನ್ನು ಒಪ್ಪಿಸಿದ. ದೊಡ್ಡಬೀರಯ್ಯನಿಗೆ ಮೀನಿನ ಸುದ್ದಿ ಮುಟ್ಟಿತ್ತು. ಖಾಲಿ ತೊಟ್ಟಿ ಪಡಸಾಲೆಯಲ್ಲಿ ಇನ್ನೂ ಇತ್ತು, ಅದನ್ನು ಕಂಡು ಜನ ಕೇಳುವುದು ಅವನಿಗೆ ತಡೆಯಲಾಗುತ್ತಿರಲಿಲ್ಲ. ಮರಿ ಬೇಡ, ಆ ಎರಡು ಹಳೇ ಮೀನು ತನ್ನವೇ, ಅವನ್ನು ತರಬೇಕು ಅಂತ ಹೇಳಿಕಳಿಸಿದ್ದ. ಅದರ ಜೊತೆಗೆ ಸೊಸೆ ಬರುವುದಾದರೆ ಬರಲಿ, ಮನೆ ಅವಳದೇ ಅಂತಲೂ ಅಂದಿದ್ದ. ಮೀನು ಮೊದಲು, ಸೊಸೆ ಆಮೇಲೆ.

ಮಂಗಳಮ್ಮ ಪೂರ್ತಿ ಕೇಳಿದಳು. ನೀರು ತುಂಬೋ ಹಬ್ಬದ ದಿನ ತಾನೇ ತರುತ್ತೇನೆ, ಹಿಂದಿನ ದಿನವೇ ಗುಡಾಣದಲ್ಲಿ ನೀರು ನಿಲ್ಲಿಸಿಟ್ಟಿರಲಿ ಅಂತ ಹೇಳು ಅಂದಳು. ಪುಟ್ಟರಾಜುವಿನ ಮುಖ ಅರಳಿತು, ಪಾಪ. ಅವನು ಆ ದಿನವನ್ನು ಬರೀ ಹಬ್ಬ ಅಂದುಕೊಂಡ.

ಅವನು ಹೋದ ಮೇಲೆ ಮುದ್ದಮ್ಮ ಮಗಳ ಮುಖವನ್ನೇ ನೋಡುತ್ತಿದ್ದಳು. ಹೆತ್ತವಳಿಗೆ ಏನೋ ವಾಸನೆ ಹೊಡೆಯಿತು.

“ಮಗ, ಏನೋ ಮನಸ್ಸಲ್ಲಿ ಇಟ್ಕಂಡು ಓಗ್ತಿದ್ದೀಯ. ಬಾಳಕ್ಕೆ ಓಗದಾದ್ರೆ ಓಗು, ಇಲ್ದಿದ್ರೆ ಬುಟ್ಬುಡು.”

“ಬಾಳಕ್ಕಲ್ಲ ಕಣವ್ವ,” ಅಂದಳು ಮಂಗಳಮ್ಮ, ಅಷ್ಟೇ.

ಪೆಟ್ರೋಲು ಸಿಗದ ಕಾಲದ ಇದ್ದಿಲ ಬಸ್ಸು ಏದುಸಿರು ಬಿಡುತ್ತ ಮಳವಳ್ಳಿ ಮುಟ್ಟುವವರೆಗೆ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಕೈಯಲ್ಲೂ ತಬ್ಬಿ ಹಿಡಿದಿದ್ದಳು. ಬೆರಳದ್ದಿದರೆ ಹೆಣ್ಣುಮೀನು ಬಂದು ಬೆರಳಿಗೆ ಮೈ ತಾಗಿಸಿತು, ಮನೆಯಲ್ಲಿ ತಾಗಿಸುವ ಹಾಗೆಯೇ. ಮಂಗಳಮ್ಮ ಬೆರಳನ್ನು ಹೊರಕ್ಕೆ ತೆಗೆದಳು, ಮತ್ತೆ ಅದ್ದಲಿಲ್ಲ. ಹಗೆ ಅವಳನ್ನು ಕುರುಡಿ ಮಾಡಿರಲಿಲ್ಲ. ಏನು ಕೊಟ್ಟು ಏನು ಕೊಳ್ಳುತ್ತಿದ್ದೇನೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಾವ ಮುದುಕನಾಗಿದ್ದ. ಗತ್ತು ಇಳಿದು, ಬೆನ್ನು ಬಾಗಿ, ಮೀನು ಕಂಡೊಡನೆ ಮಕ್ಕಳ ಹಾಗೆ ಕೈತಟ್ಟಿದ. ಬಚ್ಚಲಲ್ಲಿ ತನ್ನ ಬಳುವಳಿಯ ಹಂಡೆ ಅವತ್ತಷ್ಟೇ ಉಜ್ಜಿಸಿಕೊಂಡು, ಹಾಗಲಬಳ್ಳಿ ಸುತ್ತಿಸಿಕೊಂಡು, ನೀರು ತುಂಬಿಸಿಕೊಂಡು ನಿಂತಿರುವುದನ್ನು ಮಂಗಳಮ್ಮ ಕಾಲು ತೊಳೆಯಲು ಹೋದಾಗಲೇ ನೋಡಿದಳು. ತಂದಿದ್ದ ನೀರಿನ ಸಮೇತ ಮೀನುಗಳನ್ನು ತೊಟ್ಟಿಗೆ ಬಿಟ್ಟಳು, ಗುಡಾಣದಲ್ಲಿ ಹಿಂದಿನ ದಿನದಿಂದ ನಿಲ್ಲಿಸಿಟ್ಟ ನೀರನ್ನು ತುಂಬಿದಳು. ಮುದುಕ ಪಕ್ಕದಲ್ಲಿ ಕೂತು ಒಂದೊಂದೇ ಕೇಳಿದ. ಏನು ಹಾಕಬೇಕು, ಎಷ್ಟು ಬೆಚ್ಚಗಿರಬೇಕು, ಮೈ ಕಪ್ಪಾದರೆ ಏನು, ಹೊಸ ಮೀನು ತಂದರೆ ಜೊತೆಗೆ ಬಿಡಬಹುದಾ. ಅವಳು ಎಲ್ಲಕ್ಕೂ ಒಂದೂ ತಪ್ಪಿಲ್ಲದೆ ಉತ್ತರ ಕೊಟ್ಟಳು. ಸಂತೆಯಿಂದ ತಂದ ಎತ್ತನ್ನು ಕೊಟ್ಟಿಗೆಗೆ ಸೇರಿಸದೆ ಬೇರೆ ಕಟ್ಟುವ ಹಾಗೆ ಹೊಸ ಮೀನನ್ನು ಬೇರೆ ಬಾನಿಯಲ್ಲಿಟ್ಟು ನೋಡಬೇಕು ಅಂದಳು. ಮಿಕ್ಕ ತಿಂಡಿ ಕೊಳೆಯಬಾರದು ಅಂದಳು. ಪಾತ್ರೆಯ ವಿಷಯ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಕೊನೆಗೆ ಮುದುಕನೇ ಹಬ್ಬದ ಮಾತೆತ್ತಿದ, ಹಿಂಜರಿಯುತ್ತ.

“ನಾಳೀಕೆ ಇವುಕ್ಕೂ ಅಬ್ಬದ ನೀರು ಆಕ್ಬೋದೇನವ್ವ?”

“ಆಕಿ ಮಾವ. ನಿಮ್ ಕೈಯಾರೆ ಆಕಿ. ನನ್ ಕೈಗುಣ ಸರಿಯಿಲ್ವಲ್ಲ.”

ದೊಡ್ಡಬೀರಯ್ಯ ತಲೆ ತಗ್ಗಿಸಿದ. ಆ ಮಾತು ಅವನಿಗೂ ನೆನಪಿತ್ತು. ಅವಳು ಕುಟುಕುತ್ತಿದ್ದಾಳೆ ಅಂದುಕೊಂಡನೇ ಹೊರತು ದಾರಿ ತೋರಿಸುತ್ತಿದ್ದಾಳೆ ಅಂತ ಅವನಿಗೆ ಹೊಳೆಯಲಿಲ್ಲ.

ಬೆಳಗ್ಗೆ ಎಣ್ಣೆನೀರು ಮುಗಿದ ಮೇಲೆ ಮುದುಕ ಹೊಸ ಪಂಚೆ ಉಟ್ಟು, ನೆರೆಯವರನ್ನೆಲ್ಲ ಕೂಗಿ ಕರೆದ. ಆರು ವರ್ಷದ ಕೆಳಗೆ ನಿಂತಿದ್ದವರಲ್ಲಿ ಬಹಳ ಜನ ಬಂದು ನಿಂತರು. ಮಂಗಳಮ್ಮ ಕಜ್ಜಾಯದ ಬಾಣಲೆ ಇಳಿಸಿ ಬಂದು ಬಾಗಿಲಿಗೆ ಒರಗಿದಳು, ಎರಡು ಕೈಯನ್ನೂ ಎಲ್ಲರಿಗೂ ಕಾಣುವ ಹಾಗೆ ಸೆರಗಿನ ಮೇಲೆ ಕಟ್ಟಿಕೊಂಡು. ಮುದುಕ ತೊಟ್ಟಿಯ ಅರ್ಧ ನೀರು ತೆಗೆಸಿದ. ಹಂಡೆಯಿಂದ ತೋಡಿ ತಂದ ನೀರಿಗೆ ಬೆರಳದ್ದಿ ಹದ ನೋಡಿದ, ಇನ್ನೊಮ್ಮೆ ನೋಡಿದ. ಆಮೇಲೆ ಎಳೆಮಗುವಿಗೆ ನೀರೆರೆಯುವ ಹಾಗೆ, ಗಾಜಿನ ಅಂಚಿಗೆ ಚೊಂಬು ತಾಗಿಸಿ, ಮೀನುಗಳಿಗೆ ಸೆಳವು ಬಡಿಯದ ಹಾಗೆ ಮೆಲ್ಲಗೆ ಹುಯ್ಯಲು ಶುರುಮಾಡಿದ. ಹುಯ್ಯುತ್ತ, ತಣ್ಣಗಿರ್ರಪ್ಪಾ ಅಂತ ಏನೇನೋ ಹೇಳುತ್ತಿದ್ದ.

ಮಂಗಳಮ್ಮನ ಗಂಟಲಿಗೆ ಮಾತು ಬಂದದ್ದು ಆಗ. ಬೇಡ ಮಾವ ಅನ್ನುವ ಎರಡು ಶಬ್ದ, ಅಷ್ಟೇ. ಅವಳು ದ್ವೇಷಿಸಿದ್ದು ಈ ಮುದುಕನನ್ನಲ್ಲ. ಎದೆಯುಬ್ಬಿಸಿ ನಿಂತು ತನ್ನ ಹೆಸರು ಕೆಡಿಸಿದ ಆ ಗಟ್ಟಿ ಆಳನ್ನು. ಅವನು ಈಗ ಎಲ್ಲೂ ಇರಲಿಲ್ಲ. ಹೆಣ್ಣುಮೀನು ಗಾಜಿನ ಹತ್ತಿರ ಬಂದು ಇವಳ ಕಡೆ ತಿರುಗಿ ನಿಂತಿತ್ತು. ಅಷ್ಟರಲ್ಲಿ ಗುಂಪಿನಲ್ಲಿ ಯಾರೋ, ಸೊಸೆಯನ್ನು ಹತ್ತಿರ ಬಿಡದೆ ಇದ್ದದ್ದು ಒಳ್ಳೆಯದಾಯಿತು ಅಂತ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿತ್ತು. ಅವಳು ಗಂಟಲಿಗೆ ಬಂದದ್ದನ್ನು ನುಂಗಿದಳು.

ಮಧ್ಯಾಹ್ನಕ್ಕೆ ಮೀನುಗಳು ಕಪ್ಪಾದವು. ಸುದ್ದಿ ಹರಡಿ, ಹೋಗಿದ್ದವರೆಲ್ಲ ತಿರುಗಿ ಬಂದರು. ಮೊದಲು ಗಂಡು ಓರೆಯಾಯಿತು. ಹೆಣ್ಣು ಅದರ ಸುತ್ತ ಒಂದೆರಡು ಸುತ್ತು ಸುತ್ತಿ, ಆಮೇಲೆ ತಾನೂ ಮಲಗಿತು. ಮಂಗಳಮ್ಮ ಬಾಗಿಲಿಂದ ಈಚೆ ಬಂದು ಪಡಸಾಲೆಯ ನಡುವೆ ನಿಂತಳು. ಆರು ವರ್ಷ ನುಂಗಿಕೊಂಡಿದ್ದನ್ನು ಜೋರಾಗಿ ಅಲ್ಲ, ಎಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿ ಹೇಳಿದಳು.

“ನೋಡ್ಕಳಿ ಎಲ್ಲಾರೂವೆ. ನಮ್ಮೂರಲ್ಲಿ ನನ್ ಕೈಲಿ ಆರು ವರ್ಸ ಬದುಕಿದ್ದೊ. ಇವತ್ತು ನಾನು ಮುಟ್ಲಿಲ್ಲ. ಯಾರ ಕೈ ಮುಟ್ತು, ನೀವೇ ಏಳಿ.”

ಹೇಳಬೇಕಾದವನು ತಾನೇ ಹೇಳಿದ. ನನ್ನ ಕೈ, ಅಂದ ದೊಡ್ಡಬೀರಯ್ಯ. ಆವತ್ತು ನೀರು ಹಾಕು ಅಂದವನೂ ನಾನೇ, ಹುಡುಗಿಯ ಮೇಲೆ ಹೊರಿಸಿದೆ, ಅಂದ. ಕೈಗುಣ ಕೆಟ್ಟದ್ದು ಅವಳದಲ್ಲ ಅಂತ ಅಷ್ಟು ಜನರ ಎದುರಿಗೆ ಒಪ್ಪಿಕೊಂಡ. ಜನ ಗುಸುಗುಸು ಅನ್ನುತ್ತ ಒಬ್ಬೊಬ್ಬರಾಗಿ ಹೊರಟರು. ಸಂಜೆಯೊಳಗೆ ಈ ಮಾತು ಮಳವಳ್ಳಿಯ ಎಲ್ಲ ಜಗಲಿ ಮುಟ್ಟುತ್ತದೆ ಅಂತ ಮಂಗಳಮ್ಮನಿಗೆ ಗೊತ್ತಿತ್ತು. ಅವಳು ಬಯಸಿದ್ದು ಕೈಗೆ ಬಂದಿತ್ತು, ಬಯಸಿದ್ದಕ್ಕಿಂತ ಹೆಚ್ಚೇ ಬಂದಿತ್ತು.

ಜನ ಕರಗಿದ ಮೇಲೆ ಮುದುಕ ಸತ್ತ ಮೀನುಗಳನ್ನು ಅಂಗೈಯಲ್ಲಿ ಎತ್ತಿಕೊಂಡ. ಬಹಳ ಹೊತ್ತು ನೋಡಿದ. ಚೊಂಬನ್ನು ನೋಡಿದ, ಬಚ್ಚಲ ಕಡೆ ನೋಡಿದ. ಎರಡು ಸಲ ಸತ್ತದ್ದು ಒಂದೇ ಹಬ್ಬದ ದಿನ, ಒಂದೇ ಹಂಡೆಯ ನೀರಲ್ಲಿ. ಅವನು ಗತ್ತಿನವನಾಗಿದ್ದ, ದಡ್ಡನಾಗಿರಲಿಲ್ಲ.

“ನಿಂಗೆ ಗೊತ್ತಿತ್ತಾ?” ಅಂದ.

“ಗೊತ್ತಿತ್ತು.”

“ಅಂಗಾದ್ರೆ ಆವತ್ತಿಂದು ನಿನ್ ಕೈ ಅಲ್ಲ ಕಣವ್ವ. ಇವತ್ತಿಂದು ನಿಂದೇಯ.”

“ಊ ಮಾವ,” ಅಂದಳು ಮಂಗಳಮ್ಮ. “ನೀವು ಆವತ್ತು ಸುಮ್ಸುಮ್ಕೆ ಕೊಟ್ಟ ಎಸ್ರ, ಇವತ್ತು ನಾನೇ ಸಂಪಾದುಸ್ಕಂಡೆ.”

ಒಳಗೆ ಹೋಗಿ ಬಟ್ಟೆಯ ಗಂಟು ತಂದಳು. ಪುಟ್ಟರಾಜು ಹೊಸ್ತಿಲಲ್ಲಿ ನಿಂತಿದ್ದವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮುದುಕ ಬೈಯುತ್ತಾನೆ, ಕೈ ಎತ್ತುತ್ತಾನೆ, ಶಾಪ ಹಾಕುತ್ತಾನೆ ಅಂತ ಅವಳು ಎಣಿಸಿದ್ದಳು. ಒಂದೊಂದಕ್ಕೂ ಒಂದೊಂದು ಮಾತು ಬಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳು. ಅವನು ಮೀನುಗಳನ್ನು ಬಾಳೆಲೆಯ ತುಂಡಿನಲ್ಲಿ ಸುತ್ತಿಟ್ಟು, ಕೈ ತೊಳೆದುಕೊಂಡು ಬಂದು, ಅಬ್ಬದ ದಿನ ಮನೆಯಿಂದ ಯಾರೂ ಅಸ್ಕಂಡು ಓಗಬಾರದು, ಉಂಡು ಓಗು, ಅಂದ.

ಕೂತಳು. ಉಣ್ಣದೆ ಎದ್ದು ಹೋದರೆ ಸೋತ ಹಾಗೆ ಅಂತ ಕೂತಳೋ, ಮುದುಕ ಕರೆದ ಅಂತ ಕೂತಳೋ, ಅವಳಿಗೇ ತಿಳಿಯಲಿಲ್ಲ. ಮಾವ ತಾನೇ ಎಲೆ ಹಾಕಿ, ತಾನೇ ಬಗ್ಗಿ ಬಗ್ಗಿ ಬಡಿಸಿದ. ಎಲೆಯಲ್ಲಿ ಒಂದಗುಳೂ ಬಿಡದೆ ಉಂಡಳು. ಸಂಜೆ ಕೊತ್ತತ್ತಿಯಲ್ಲಿ ಮುದ್ದಮ್ಮ ಏನುಂಡೆ ಮಗ ಅಂತ ಕೇಳಿದಾಗ, ಎಷ್ಟು ಯೋಚಿಸಿದರೂ ಅವಳಿಗೆ ನೆನಪಾಗಲಿಲ್ಲ.